ಉಜ್ಜುವ ಮೊದಲು ಓದಿ

ಅಧ್ಯಕ್ಷರೆ, ದಾವಣಗೆರೆಯ ಹಿರಿಯರೆ, ಗೆಳೆಯರೆ,

ಹಬ್ಬದ ಹಿಂದಿನ ದಿನ ಬೆಳ್ಳಿಗೆ ವಿಭೂತಿ ಹಚ್ಚಿ ಉಜ್ಜುವುದು ನಮ್ಮ ಮನೆಗಳ ವಾಡಿಕೆ. ಲಿಂಗದ ಕರಡಿಗೆಗೆ, ಆರತಿ ತಟ್ಟೆಗೆ ಅದು ಸಲ್ಲುತ್ತದೆ. ಅಜ್ಜನ ಜೇಬುಗಡಿಯಾರಕ್ಕೆ ಸಲ್ಲುವುದಿಲ್ಲ ಎಂಬ ಒಂದೇ ಮಾತನ್ನು ಹೇಳಲು ನಾನಿಲ್ಲಿ ನಿಂತಿದ್ದೇನೆ.

ಕಳೆದ ವರ್ಷ ಚೌಕಿಪೇಟೆಯ ಒಂದು ಮನೆಗೆ ಕರೆಸಿಕೊಂಡರು. ಮುತ್ತಜ್ಜ ಹತ್ತಿ ವ್ಯಾಪಾರಕ್ಕೆಂದು ಮುಂಬಯಿಗೆ ಹೋದಾಗ ಕೊಂಡು ತಂದ ‘ಲಂಡನ್ ಗಡಿಯಾರ’ವನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ನನ್ನ ಕೈಗಿಟ್ಟರು. ಹೊರಮುಚ್ಚಳದ ಹೂಬಳ್ಳಿಯ ಕೆತ್ತನೆ ಬೆರಳಿಗೂ ಸಿಗದಷ್ಟು ಸವೆದಿತ್ತು. ಮನೆಯ ಅಜ್ಜಿ ಹೆಮ್ಮೆಯಿಂದ, “ಅರವತ್ತು ವರ್ಷ ನನ್ನ ಕೈಯಾರೆ ತಿಕ್ಕೀನಪ್ಪ” ಎಂದರು. “ಕಾಣ್ತೈತಜ್ಜಿ” ಎಂದೆ, ಬೇರೇನು ಹೇಳಲಿ?

ಪುಣ್ಯಕ್ಕೆ, ಹಿಂಬದಿಯ ಮುಚ್ಚಳ ತೆರೆಯುತ್ತದೆ ಎಂಬುದು ಅಜ್ಜಿಗೆ ತಿಳಿದಿರಲಿಲ್ಲ. ಅದರ ಒಳಮೈಯಲ್ಲಿ, ಭೂತಗನ್ನಡಿ ಹಿಡಿದಾಗ, ಮೂರು ಪುಟ್ಟ ಕರಡಿಗಳೂ 935 ಎಂಬ ಅಂಕಿಯೂ ಅಚ್ಚಳಿಯದೆ ಕಂಡವು. ಲಂಡನ್ನಿನಲ್ಲಿ ಪರೀಕ್ಷೆಯಾದ ಬೆಳ್ಳಿಯಾಗಿದ್ದರೆ ನಡೆಯುತ್ತಿರುವ ಸಿಂಹ, ಚಿರತೆಯ ತಲೆ ಮತ್ತು ವರ್ಷವನ್ನು ತಿಳಿಸುವ ಒಂದು ಅಕ್ಷರ ಇರಬೇಕಿತ್ತು. ಬರ್ಮಿಂಗ್‌ಹ್ಯಾಮಿನದಾದರೆ ಚಿರತೆಯ ಬದಲು ಹಡಗಿನ ಲಂಗರು. ಕರಡಿ ಸ್ವಿಟ್ಜರ್ಲೆಂಡಿನ ಮುದ್ರೆ. ಸ್ವಿಸ್ ಗಡಿಯಾರಗಳ ಬೆಳ್ಳಿ ಸಾಮಾನ್ಯವಾಗಿ ಸಾವಿರಕ್ಕೆ 800 ಅಥವಾ 875 ಪಾಲಿನದು. ಇಂಗ್ಲೆಂಡ್ ಒಪ್ಪುತ್ತಿದ್ದುದು 925. 1887ರಲ್ಲಿ ಬ್ರಿಟನ್ನಿನಲ್ಲಿ ಸರಕಿನ ಮೇಲೆ ಸುಳ್ಳು ಗುರುತು ಹಾಕುವುದನ್ನು ತಡೆಯುವ ಸರಕುಮುದ್ರೆಗಳ ಕಾಯ್ದೆ ಬಂದ ಬಳಿಕ, ಆ ಮಾರುಕಟ್ಟೆಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದ ಸ್ವಿಸ್ಸರು 935 ಪಾಲಿನ ಬೆಳ್ಳಿಗೆ ಮೂರು ಕರಡಿಗಳನ್ನು ಒತ್ತತೊಡಗಿದರು. ಅಲ್ಲಿಗೆ ಕೇಸಿನ, ಅಂದರೆ ಗಡಿಯಾರದ ಹೊರಕವಚದ, ದೇಶವೂ ತಿಳಿಯಿತು, ಅದು 1887ಕ್ಕಿಂತ ಹಿಂದಿನದಲ್ಲವೆಂದೂ ತಿಳಿಯಿತು. ಲಂಡನ್ ಕೈತಪ್ಪಿದ್ದಕ್ಕೆ ಮನೆಯವರ ಮುಖ ಬಾಡಿತು. ಲಂಡನ್ ಬೆಳ್ಳಿಗಿಂತ ಇದು ಸಾವಿರಕ್ಕೆ ಹತ್ತು ಪಾಲು ಹೆಚ್ಚು ಶುದ್ಧವೆಂದ ಮೇಲೆ ಚಹಾ ಬಂತು.

ಅಜ್ಜಿಯ ವಿಭೂತಿ ಆ ಒಳಮೈಗೂ ತಲುಪಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು: ಮುದ್ರೆ ಹೇಳುವುದು ಕೇಸಿನ ವಯಸ್ಸನ್ನು ಮಾತ್ರ, ಒಳಗಿನ ಯಂತ್ರವನ್ನು ಯಾರಾದರೂ ಬದಲಿಸಿರಬಹುದು. ಜರ್ಮನ್ ಸಿಲ್ವರ್ ಎಂದು ಬರೆದಿದ್ದರಂತೂ ಸರಾಫರ ಬಳಿ ಹೋಗಬೇಡಿ. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ಬೆಳ್ಳಿ ಅದರ ಹೆಸರಿನಲ್ಲಷ್ಟೇ ಇದೆ.

ಗಡಿಯಾರ ನಿಂತುಹೋಗಿತ್ತು. ಯಾರೋ ಪುಣ್ಯಾತ್ಮರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅದು ಅಂಟಾಗಿ ಚಕ್ರಗಳನ್ನು ಹಿಡಿದುಕೊಂಡಿತ್ತು. ನಗಬೇಡಿ, ಹುಡುಗನಾಗಿದ್ದಾಗ ನಾನು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟವನು. ಯಂತ್ರವನ್ನು ಬಿಚ್ಚುವ ಮೊದಲು, ಗಡಿಯಾರವನ್ನು ನಡೆಸುವ ಸುರುಳಿಯಾದ ಮೇನ್ ಸ್ಪ್ರಿಂಗಿನ ಬಿಗುವನ್ನು ನಿಧಾನವಾಗಿ ಇಳಿಸಬೇಕು. ಇಲ್ಲದಿದ್ದರೆ ಅದು ಒಮ್ಮೆಲೇ ಬಿಚ್ಚಿಕೊಂಡು ಹಲ್ಲುಗಳನ್ನು ಮುರಿಯುತ್ತದೆ. ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದು ನಮ್ಮ ಕಡೆಯ ರಿಪೇರಿಯವರ ರೂಢಿ. ಚಕ್ರದ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಪುಟ್ಟ ಕವೆಯಾದ ಪ್ಯಾಲೆಟ್ಟನ್ನು ಮಾತ್ರ ಸ್ಪಿರಿಟ್ಟಿನಲ್ಲಿ ನೆನೆಹಾಕಬೇಡಿ, ಏಕೆಂದರೆ ಅದರ ಪುಟ್ಟ ಕೆಂಪುಕಲ್ಲುಗಳನ್ನು ಕೂರಿಸಿರುವುದು ಅರಗಿನಿಂದ, ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ಬಳಿಕ ಗಡಿಯಾರದ್ದೇ ಎಣ್ಣೆ, ಸೂಜಿಮೊನೆಯಲ್ಲಿ ನಿಲ್ಲುವಷ್ಟು. ಆ ಕಾಲದ ಬಹುತೇಕ ಗಡಿಯಾರಗಳಂತೆ ಸೆಕೆಂಡಿಗೆ ಐದು, ಅಂದರೆ ಗಂಟೆಗೆ 18,000 ಬಡಿತ ಮತ್ತೆ ಕೇಳಿದಾಗ ಅಜ್ಜಿ ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ.

ಅಧ್ಯಕ್ಷರು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಾರೆ; ಡಯಲು, ಗಾಜು, ಸರಪಳಿಗಳ ಮಾತನ್ನು ಮೊಟಕುಗೊಳಿಸುತ್ತೇನೆ. ಡಯಲಿನ ಎನಾಮಲ್ಲಿನಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಇರಲಿ ಬಿಡಿ. ಕೇಸಿನ ಕಪ್ಪು ಗಂಧಕದಿಂದ ಬೆಳ್ಳಿಗೆ ಬಂದದ್ದು. ಮೆತ್ತನೆಯ ಬಟ್ಟೆಗೆ ಹೋದಷ್ಟು ಹೋಗಲಿ, ಕೆತ್ತನೆಯ ಗೆರೆಯೊಳಗಿನ ಕಪ್ಪು ಅಲ್ಲೇ ಉಳಿಯಲಿ.

ಈ ದೀಪಾವಳಿಗೆ ಗಡಿಯಾರವನ್ನು ಉಜ್ಜಬೇಡಿ ಎಂದು ಅಜ್ಜಿಗೆ ಹೇಳಿ ಬಂದಿದ್ದೇನೆ. ಅವರಿನ್ನೂ ಒಪ್ಪಿಲ್ಲ. ಗಡಿಯಾರ ತಂದವರು ಕಿಟಕಿಯ ಪಕ್ಕದ ಮೇಜಿಗೆ ಬನ್ನಿ, ಮುಚ್ಚಳ ತೆರೆದು ಓದೋಣ. ಅಲ್ಲಿಯವರೆಗೆ ದಯವಿಟ್ಟು ಯಾರೂ ಕೀಲಿ ಕೊಡಬೇಡಿ.