ಠಾಕೂರ್: ಒಂದು ಅಡ್ಡಹೆಸರಿನ ಕಥೆ

ಕೇಳುಗರಿಗೆ ನಮಸ್ಕಾರ.

ಕವಿ ರವೀಂದ್ರನಾಥ ಠಾಕೂರರ ಅಡ್ಡಹೆಸರಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಠಾಕೂರ್ ಅಂದ ಕೂಡಲೇ ಬಹಳ ಜನ "ಓ, ದೊಡ್ಡ ಜಾತಿ" ಅಂದುಬಿಡುತ್ತಾರೆ. ದಯವಿಟ್ಟು ಸುಮ್ನೆ ಹಾಗೆ ತೀರ್ಮಾನ ಮಾಡಬೇಡಿ. ಇದು ಬಂಗಾಳದ ಬ್ರಾಹ್ಮಣರೇ ದೂರ ಇಟ್ಟಿದ್ದ ಮನೆ. ಠಾಕೂರ್ ಅಂತ ಕರೆದವರು ಬೆಸ್ತರು.

ಮನೆತನದ ಹಳೆಯ ಹೆಸರು ಕುಶಾರಿ. ಅವರೂ ಬ್ರಾಹ್ಮಣರೇ. ಹಾಗಾದರೆ ದೂರ ಇಟ್ಟದ್ದು ಯಾಕೆ? ಅದಕ್ಕೊಂದು ಕಥೆ ಇದೆ. ಬಂಗಾಳದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು.

15ನೇ ಶತಮಾನ. ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾ ಸೀಮೆ. ಅಲ್ಲಿ ಖಾನ್ ಜಹಾನ್ ಅಲಿಯ ಆಡಳಿತ. ಅವನ ಕೈಕೆಳಗಿನ ಅಧಿಕಾರಿ ಮೊಹಮ್ಮದ್ ತಾಹಿರ್. ಬ್ರಾಹ್ಮಣನಾಗಿ ಹುಟ್ಟಿ ಮುಸ್ಲಿಮನಾದವನು. ಜನ ಅವನನ್ನು ಪೀರ್ ಅಲಿ ಅನ್ನುತ್ತಿದ್ದರು. ದಕ್ಷಿಣಡಿಹಿ ಊರಿನ ರಾಯ್‌ಚೌಧುರಿ ಮನೆಯ ಕಾಮದೇವ, ಜಯದೇವ ಅವನ ಹತ್ತಿರ ಕೆಲಸಕ್ಕಿದ್ದರು.

ರಂಜಾನ್ ಉಪವಾಸದ ದಿನ. ಪೀರ್ ಅಲಿ ಒಂದು ನಿಂಬೆಹಣ್ಣು ಮೂಸಿ ನೋಡಿದ. ಪಕ್ಕದಲ್ಲಿದ್ದ ಅಣ್ಣತಮ್ಮಂದಿರು ತಮಾಷೆಗೆ, "ಮೂಸಿದರೆ ಅರ್ಧ ಊಟ ಮಾಡಿದ ಹಾಗೆ ಅಂತ ನಮ್ಮ ಶಾಸ್ತ್ರ. ನಿಮ್ಮ ಉಪವಾಸ ಮುರಿಯಿತು" ಅಂದರು. ಪೀರ್ ಅಲಿ ಆಗ ಏನೂ ಅನ್ನಲಿಲ್ಲ. ಆದರೆ ಮರೆಯಲೂ ಇಲ್ಲ. ಮುಂದೊಂದು ದಿನ ಬ್ರಾಹ್ಮಣರನ್ನೆಲ್ಲ ದರ್ಬಾರಿಗೆ ಕರೆಸಿದ. ಪಕ್ಕದಲ್ಲೇ ಗೋಮಾಂಸ ಬೇಯುತ್ತಿತ್ತು. ಘಮ ಬಂದದ್ದೇ ತಡ, ಮೂಗು ಮುಚ್ಚಿಕೊಂಡು ಎಲ್ಲರೂ ಓಡಿದರು. ಇವರಿಬ್ಬರನ್ನು ಮಾತ್ರ ತಡೆದು, "ನಿಮ್ಮ ಶಾಸ್ತ್ರದ ಪ್ರಕಾರ ಅರ್ಧ ಊಟ ಆಯಿತು, ಇನ್ನು ಜಾತಿ ಎಲ್ಲಿದೆ?" ಅಂದ.

ಅವರಿಬ್ಬರೂ ಮುಸ್ಲಿಮರಾದರು. ಉಳಿದ ಸೋದರರು ಹಿಂದೂಗಳಾಗೇ ಉಳಿದರು. ಆದರೂ ಬೇರೆ ಬ್ರಾಹ್ಮಣರು ಬಿಡಲಿಲ್ಲ ನೋಡಿ. ಇಡೀ ಮನೆತನಕ್ಕೆ "ಪಿರಾಲಿ" ಅಂತ ಹಣೆಪಟ್ಟಿ ಕಟ್ಟಿದರು. ಆ ಮನೆಯ ಹೆಣ್ಣನ್ನು ಜಗನ್ನಾಥ ಕುಶಾರಿ ಮದುವೆಯಾದರು. ಅಲ್ಲಿಗೆ ಕುಶಾರಿಗಳೂ ಪಿರಾಲಿಗಳಾದರು. ಯಾರದ್ದೋ ಮೂಗಿಗೆ ಬಡಿದ ವಾಸನೆ, ಶಿಕ್ಷೆ ಮಾತ್ರ ಹುಟ್ಟದ ಮಕ್ಕಳಿಗೂ! ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

17ನೇ ಶತಮಾನದ ಕೊನೆಯ ಹೊತ್ತಿಗೆ ಇದೇ ವಂಶದ ಪಂಚಾನನ ಕುಶಾರಿ ಗೋವಿಂದಪುರಕ್ಕೆ ಬಂದರು. ಇವತ್ತಿನ ಕೋಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಇರುವ ಜಾಗ. ಇಂಗ್ಲಿಷರ ಹಡಗುಗಳಿಗೆ ಸಾಮಾನು ಒದಗಿಸುವ ಕೆಲಸ. ಸುತ್ತ ಇದ್ದವರು ಬೆಸ್ತರು. ಅವರಿಗೆ ಪಿರಾಲಿ ಗಿರಾಲಿ ಏನೂ ಇಲ್ಲ. ಬ್ರಾಹ್ಮಣ ಅಂದರೆ ಬ್ರಾಹ್ಮಣ. ಗೌರವದಿಂದ "ಠಾಕುರ್ ಮೊಶಾಯ್", ಅಂದರೆ ಒಡೆಯರೇ, ಮಹಾಶಯರೇ ಅಂದರು. ಹಡಗಿನ ಕ್ಯಾಪ್ಟನ್‌ಗಳೂ ಅದನ್ನೇ ಹಿಡಿದುಕೊಂಡರು. ಅವರ ಬಾಯಲ್ಲಿ ಅದು ಟಾಗೋರ್ ಆಯಿತು.

ಮುಂದೆ ರವೀಂದ್ರನಾಥರ ಅಜ್ಜ ದ್ವಾರಕಾನಾಥ ಠಾಕೂರರ ಕಾಲಕ್ಕೆ ಬ್ಯಾಂಕು, ಹಡಗು, ಜಮೀನು ಎಲ್ಲ ಬಂತು. ಹಣೆಪಟ್ಟಿ ಹೋಯಿತಾ? ಇಲ್ಲ. ಮದುವೆಗೆ ಹೆಣ್ಣು ಬೇಕಾದರೆ ಮತ್ತೆ ಪಿರಾಲಿ ಮನೆಗಳನ್ನೇ ಹುಡುಕಬೇಕು. 1883ರಲ್ಲಿ ರವೀಂದ್ರನಾಥರು ನಮ್ಮ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಡ್ಜ್. ಕಾರವಾರದವರಿಗೆ ಇದು ಗೊತ್ತು, ಕಡಲತೀರಕ್ಕೇ ಕವಿಯ ಹೆಸರಿದೆ. ವಾಪಸ್ ಹೋದ ಮೇಲೆ ಅದೇ ಡಿಸೆಂಬರಿನಲ್ಲಿ ಮದುವೆ. ಹೆಣ್ಣು ಯಾವ ಊರಿನವಳು ಗೊತ್ತಾ? ದಕ್ಷಿಣಡಿಹಿ. ಅದೇ ರಾಯ್‌ಚೌಧುರಿ ಮನೆತನ! ತಂದೆ ಠಾಕೂರರ ಎಸ್ಟೇಟಿನಲ್ಲೇ ನೌಕರರು. ನಾಲ್ಕು ಶತಮಾನ ಕಳೆದರೂ ಆ ಸುತ್ತು ದಾಟಲು ಆಗಿರಲಿಲ್ಲ.

ಸಮಯ ಜಾಸ್ತಿ ಇಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಿಹಾರದ ಮುಖ್ಯಮಂತ್ರಿಯಾಗಿದ್ದ ಕರ್ಪೂರಿ ಠಾಕೂರ್ ಕ್ಷೌರಿಕ ಸಮುದಾಯದವರು. ಉತ್ತರ ಪ್ರದೇಶದಲ್ಲಿ ಠಾಕೂರ್ ಅಂದರೆ ರಜಪೂತರು. ಹೆಸರು ಒಂದೇ, ಜಾತಿ ಬೇರೆ ಬೇರೆ. ಬಂಗಾಳದ ಮಜುಂದಾರ್ ನೋಡಿ. ಕಂದಾಯದ ಲೆಕ್ಕ ಇಡುವವರ ಹುದ್ದೆ ಅದು. ಬ್ರಾಹ್ಮಣರಲ್ಲೂ ಇದ್ದಾರೆ, ಕಾಯಸ್ಥರಲ್ಲೂ ಇದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಸರ್ಕಾರ್, ಬಿಸ್ವಾಸ್, ಚೌಧುರಿ ಕಥೆಯೂ ಇಷ್ಟೇ. ಹೆಸರು ಕೇಳಿ ಜಾತಿ ಹೇಳಲು ಹೋಗಬೇಡಿ. ನಮಸ್ಕಾರ.