ದ್ರಾಕ್ಷಿ ಬಳ್ಳಿಗೆ ಅಡಿಕೆಯ ಮದ್ದು ಬಿಡಬಹುದಾ?

[ಟೆರೇಸಿನ ಚಪ್ಪರ. ಕ್ಯಾಮೆರಾ ಒಂದು ಎಲೆಯ ಹತ್ತಿರ]

ನಮಸ್ಕಾರ. ಉಡುಪಿಯ ವೀಕ್ಷಕರೊಬ್ಬರ ಪ್ರಶ್ನೆ: "ಟೆರೇಸಿನಲ್ಲಿ ದ್ರಾಕ್ಷಿ ಚಪ್ಪರ ಉಂಟು. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದದ್ದೇ ಎಲೆಯಲ್ಲೆಲ್ಲ ಹಳದಿ ಕಲೆ. ಅಡಿಕೆಗೆ ಬಿಡುವ ಮದ್ದನ್ನೇ ಇದಕ್ಕೂ ಬಿಡಬಹುದಾ?"

ಬಿಡಬಹುದು. ಅಸಲಿಗೆ ಆ ಬೋರ್ಡೋ ದ್ರಾವಣ ದ್ರಾಕ್ಷಿಯದ್ದೇ ಮದ್ದು. ಅಡಿಕೆಗೆ ಬಂದದ್ದು ಆಮೇಲೆ!

ಮೊದಲು ಬೇಸಿಕ್ಸ್, ಬೇಗ ಮುಗಿಸುತ್ತೇನೆ. ಒಳ್ಳೆ ಬಿಸಿಲು, ನೀರು ನಿಲ್ಲದ ಮಣ್ಣು, ಗಟ್ಟಿ ಚಪ್ಪರ. ತಳಿ ಬೆಂಗಳೂರು ಬ್ಲೂ ಆದರೆ ಮಳೆಯ ಹವೆಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ವಿಜಯಪುರದ ಥಾಮ್ಸನ್ ಸೀಡ್‌ಲೆಸ್‌ಗೆ ಒಣ ಹವೆ ಬೇಕು. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮೂರಿಗೆ ಅದನ್ನು ತಂದು ನೆಟ್ಟರೆ ಪಾಪ, ಅದರ ತಪ್ಪೇನು?

ಈಗ ಕಲೆಯ ವಿಷಯ. ಎಲೆ ಮಗುಚಿ ನೋಡಿ. ಅಡಿಯಲ್ಲಿ ಬಿಳಿ ಹತ್ತಿಯ ಹಾಗೆ ಇದ್ದರೆ ಅದು ಡೌನಿ ರೋಗ. ಇದರ ಬೀಜಕಣಕ್ಕೆ ಬಾಲ ಇರುತ್ತದೆ. ಎಲೆಯ ಮೇಲಿನ ನೀರಿನ ಪದರದಲ್ಲಿ ಅದು ಈಜುತ್ತದೆ! ಅಡಿಕೆಯ ಕೊಳೆರೋಗದ್ದೂ ಇದೇ ಗುಂಪು, ಅದೂ ಈಜುತ್ತದೆ. ಅದಕ್ಕೇ ಎರಡಕ್ಕೂ ಮಳೆ ಬೇಕು, ಎರಡಕ್ಕೂ ಮದ್ದು ಒಂದೇ.

[ಫ್ರಾನ್ಸಿನ ನಕ್ಷೆ]

ಡೌನಿ ಅಮೆರಿಕದಿಂದ ಫ್ರಾನ್ಸಿಗೆ ಬಂದದ್ದು 1878ರ ಹೊತ್ತಿಗೆ. ತೋಟಗಳು ಬೋಳಾಗತೊಡಗಿದವು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಬೋರ್ಡೋ ಊರಿನ ಹತ್ತಿರ ಹೋಗುವಾಗ ಒಂದು ವಿಚಿತ್ರ ಕಂಡರು. ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿವೆ, ರಸ್ತೆ ಬದಿಯವು ಮಾತ್ರ ಹಸಿರು. ವಿಚಾರಿಸಿದರೆ ಏನು ಗೊತ್ತಾ? ದಾರಿಹೋಕರು ಹಣ್ಣು ಕದಿಯುತ್ತಾರೆಂದು ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ ಕಲಸಿ ಬಳಿದಿದ್ದರಂತೆ. ನಾವು ಗದ್ದೆಯಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ. ನೀಲಿ ಬಣ್ಣ, ಕಹಿ ರುಚಿ, ಯಾರು ಮುಟ್ಟುತ್ತಾರೆ? ಕಳ್ಳರಿಗೆ ಇಟ್ಟದ್ದು ರೋಗಕ್ಕೆ ತಾಗಿತು. ಮಿಲಾರ್ಡೆ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಪುತ್ತೂರು, ಸುಳ್ಯದಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬಿಡುವ ಬೋರ್ಡೋ ಅಂದರೆ ಇದೇ. ನನ್ನನ್ನು ಕೇಳಿದರೆ, ಆ ಹಣ್ಣುಕಳ್ಳರಿಗೂ ಒಂದು ಸನ್ಮಾನ ಆಗಬೇಕಿತ್ತು.

ಮನೆಯ ಅಳತೆ ಹೀಗೆ. ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತು. ಇನ್ನರ್ಧ ಲೀಟರಿಗೆ 10 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಬಕೆಟೇ ಇರಲಿ, ಕಬ್ಬಿಣದ್ದು ಬೇಡ. ಸುಣ್ಣದ ನೀರಿಗೆ ತುತ್ತಿನ ನೀರನ್ನು ಕಲಕುತ್ತಾ ಸುರಿಯಿರಿ. ಕಬ್ಬಿಣದ ಚೂರಿ ಅದ್ದಿ ನೋಡಿ. ಚೂರಿ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲದಿದ್ದರೆ ಎಲೆ ಸುಟ್ಟೀತು. ಅವತ್ತಿನದ್ದು ಅವತ್ತೇ ಮುಗಿಸಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಒಂದು ಮಾತು. ಇದು ರೋಗ ಬಾರದ ಹಾಗೆ ಕಾಯುತ್ತದೆ, ಬಂದ ಕಲೆಯನ್ನು ಅಳಿಸುವುದಿಲ್ಲ. ಗುಡುಗು ಕೇಳುವ ಮೊದಲೇ, ಎಲೆಯ ಅಡಿಗೂ ತಾಗುವಂತೆ ಬಿಡಬೇಕು. ಕಲೆ ಬಿದ್ದ ಎಲೆ ಕಿತ್ತು ದೂರ ಹಾಕಿ. ಹಣ್ಣು ಮಾಗುವಾಗ ಮಾತ್ರ ಬೇಡ, ತಿನ್ನುವವರು ನೀವೇ ಅಲ್ವಾ?

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಎಲೆಯ ಮೇಲೆ ಬೂದಿ ಚೆಲ್ಲಿದಂತಿದ್ದರೆ ಅದು ಬೇರೆ ರೋಗ, ಅದಕ್ಕೆ ಗಂಧಕ. ಸುಡುಬಿಸಿಲಲ್ಲಿ ಬಿಟ್ಟರೆ ಎಲೆ ಸುಡುತ್ತದೆ, ಸಂಜೆ ಬಿಡಿ. ಬುಡ ಒಣಗಿದಾಗ ದಿಢೀರನೆ ಮಳೆ ಬಂದರೆ ಹಣ್ಣು ಬಿರಿಯುತ್ತದೆ. ತೆಂಗಿನ ಸಿಪ್ಪೆ ಮುಚ್ಚಿ, ನೀರು ಒಂದೇ ಸಮ ಕೊಡಿ. ಚಾಟನಿ, ಅಂದರೆ ಬಳ್ಳಿ ಕತ್ತರಿಸುವುದನ್ನು, ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಮಾಡಿದರೆ ಹಣ್ಣು ಬೇಸಿಗೆ ಮಳೆಗೆ ಸಿಗದೆ ಪಾರಾಗುವ ಸಾಧ್ಯತೆ ಜಾಸ್ತಿ. ಇನ್ನು ಹಕ್ಕಿ, ಬಾವಲಿಗೆ ಬಲೆ. ಮಲ್ಪೆ ಕಡೆ ಹಳೆ ಮೀನಿನ ಬಲೆ ಸಿಕ್ಕರೆ ಬಿಗಿಯಾಗಿ ಎಳೆದು ಕಟ್ಟಿ. ಕಟ್ಟುವ ಮೊದಲು ಚೆನ್ನಾಗಿ ತೊಳೆಯಿರಿ ಮಾರಾಯ್ರೆ, ಇಲ್ಲದಿದ್ದರೆ ಹಕ್ಕಿ ಹೋಗಿ ಬೆಕ್ಕು ಬರುತ್ತದೆ.