ಷಟರ್ ಒತ್ತುವ ಮೊದಲು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ, ಅವರು ಬೀದಿ ಬೀದಿ ಅಲೆದು ತೆಗೆದಿದ್ದ ಚಿತ್ರಗಳ ಪೈಕಿ ಸುಮಾರು 2,500 ಫಿಲ್ಮ್ ಸುರುಳಿಗಳನ್ನು ಇನ್ನೂ ಸಂಸ್ಕರಿಸಿಯೇ ಇರಲಿಲ್ಲ. ಸುರುಳಿಯೊಂದಕ್ಕೆ 36 ಚಿತ್ರಗಳೆಂದು ಹಿಡಿದರೂ ತಾವೇ ತೆಗೆದು ತಾವೇ ನೋಡದೆ ಹೋದ ಚಿತ್ರಗಳು ಸುಮಾರು 90,000 ಆಗುತ್ತವೆ. ಇದನ್ನು ವ್ಯರ್ಥವೆಂದು ಮರುಗುವವರು ಇರಬಹುದು, ನಾನು ಮರುಗಲಾರೆ. ನೋಡುವುದರಲ್ಲಿ ಅಷ್ಟು ತನ್ಮಯರಾದವರಿಗೆ ಸಿಗಬೇಕಾದದ್ದರ ದೊಡ್ಡ ಪಾಲು ಆ ಅಲೆದಾಟದಲ್ಲಿಯೇ ಸಿಕ್ಕಿರಬೇಕು ಎಂದು ನಂಬುತ್ತೇನೆ.

ಕ್ಯಾಮೆರಾದೊಳಗೆ ಬೆಳಕು ಬಿಡುವ ಷಟರ್ ತೆರೆದು ಮುಚ್ಚಲು ಸೆಕೆಂಡಿನ 125ರಲ್ಲಿ ಒಂದು ಭಾಗ ಸಾಕು. ಛಾಯಾಗ್ರಹಣವೆಂದರೆ ಅಷ್ಟೇ ಆಗಿದ್ದರೆ ಅದರಲ್ಲಿ ಸವಿಯುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಆದರೆ ಬೆಳಗಿನ ಸೂರ್ಯ ಇನ್ನೂ ಕೆಳಗಿರುವಾಗ, ಅದರ ಬೆಳಕು ವಾತಾವರಣದಲ್ಲಿ ದೂರ ಸಾಗಿ ಬರುವುದರಿಂದ ನೀಲಿಯ ಪಾಲು ಚದುರಿ ಕೆಂಪು ಹೊನ್ನಿನ ಛಾಯೆ ಉಳಿಯುತ್ತದೆ. ಓರೆಯಾಗಿ ಬಿದ್ದ ಆ ಬೆಳಕಿನಲ್ಲಿ ಮಧ್ಯಾಹ್ನ ಸಪಾಟಾಗಿ ಕಾಣುವ ಗೋಡೆಯ ಒಂದೊಂದು ಉಬ್ಬುತಗ್ಗೂ ನೆರಳು ಚೆಲ್ಲುತ್ತದೆ. ಕ್ಯಾಮೆರಾ ಹಿಡಿದು ಕಾಯುತ್ತ ನಿಂತವರು ಈ ಬದಲಾವಣೆಯನ್ನು ನಿಮಿಷ ನಿಮಿಷಕ್ಕೂ ಗಮನಿಸುತ್ತಾರೆ. ಜೂಮ್ ಇಲ್ಲದ ಮಸೂರವಿದ್ದರೆ ಇನ್ನೂ ಒಳ್ಳೆಯದು; ಎರಡು ಹೆಜ್ಜೆ ಹಿಂದೆ ಸರಿದು, ಮಂಡಿಯೂರಿ, ಹಿನ್ನೆಲೆ ಹೇಗೆ ಬದಲಾಯಿತೆಂದು ಕಣ್ಣಿನಿಂದಲೇ ಕಲಿಯಬೇಕಾಗುತ್ತದೆ. ಹಕ್ಕಿಗಳ ಚಿತ್ರ ತೆಗೆಯುವವರಂತೂ ಕಾಯುವ ಹೊತ್ತಿನಲ್ಲಿ ಅವುಗಳ ನಡೆನುಡಿಯನ್ನೇ ಅರಿಯುತ್ತಾರೆ, ಚಿತ್ರ ಸಿಗಲಿ, ಸಿಗದಿರಲಿ.

ಪ್ರತಿ ಚಿತ್ರದ ಬಳಿಕವೂ ಪರದೆಯತ್ತ ಕಣ್ಣು ಹಾಯಿಸುವ ಇಂದಿನ ಅಭ್ಯಾಸ ಈ ಗಮನವನ್ನು ಕಡಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಚಿತ್ರ ತಾನಾಗಿ ಪರದೆಗೆ ಬರುವುದನ್ನು ನಿಲ್ಲಿಸಲು ಅವಕಾಶವಿದೆ. ದಯವಿಟ್ಟು ನಿಲ್ಲಿಸಿ ನೋಡಿ.

ಷಟರ್ ಒತ್ತಿದ ಮೇಲೆಯೂ ಈ ಸಂತೋಷ ಮುಗಿಯುವುದಿಲ್ಲ. ಚಿತ್ರ ಮುದ್ರಿಸುವ ಕಪ್ಪುಕೋಣೆಯ ಮಂದ ಕೆಂಪು ದೀಪದಡಿ, ಡೆವಲಪರ್ ದ್ರಾವಣದಲ್ಲಿ ಅದ್ದಿದ ಬಿಳಿ ಕಾಗದದ ಮೇಲೆ ಮೊದಲು ಗಾಢವಾದ ನೆರಳುಗಳು, ಆಮೇಲೆ ಉಳಿದ ಛಾಯೆಗಳು ಮೂಡುವುದನ್ನು ಎಷ್ಟು ಸಲ ನೋಡಿದರೂ ದಣಿವಿಲ್ಲ. ಅಮೆರಿಕದ ಇನ್ನೊಬ್ಬ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬಲ್ಲಿ ತೆಗೆದ ಚಂದ್ರೋದಯದ ನೆಗೆಟಿವ್ ಒಂದೇ. ಅದರಿಂದ ಅವರು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದರು, ಮೊದಲ ಪ್ರತಿಗಳಲ್ಲಿ ಮೋಡದ ಎಳೆಗಳು ಕಾಣುವ ಮೇಲಿನ ಆಕಾಶವನ್ನು ಕ್ರಮೇಣ ಇನ್ನಷ್ಟು ಕಪ್ಪಾಗಿಸುತ್ತ.